ನೆಲ ಡೊಂಕು, ಮೇಷ್ಟ್ರೇ!

ವಿಷಯ ಮೊದಲು ಗೊತ್ತಾಗಿದ್ದು ನಮ್ಮಮ್ಮನ ಬಿಪಿ ಮಾತ್ರೆಯಿಂದ. ಮನೆಗೆ ಹೊಸ ಟೈಲ್ಸ್ ಹಾಕಿಸಿ ಒಂದು ವಾರ ಆಗಿತ್ತು. ಅಮ್ಮ ಸೋಫಾದ ಮೇಲೆ ಕೂತು ಮಾತ್ರೆ ಬಿಡಿಸುವಾಗ ಒಂದು ಕೈಜಾರಿತು. ಬಿದ್ದ ಮಾತ್ರೆ ಬಿದ್ದಲ್ಲಿ ನಿಲ್ಲಲಿಲ್ಲ. ಅಂಚಿನ ಮೇಲೆ ಎದ್ದು ನಿಂತು, ಟೀಪಾಯಿ ಕೆಳಗೆ ನುಸುಳಿ, ಯಾರೋ ಕೂಗಿ ಕರೆದ ಹಾಗೆ ಹೊರಟು, ಮುಂಬಾಗಿಲ ಪಕ್ಕ ಛತ್ರಿ ಇಡುವ ಮೂಲೆಗೆ ಹೋಗಿ ಮಲಗಿತು. ಎರಡು ದಿನ ಬಿಟ್ಟು ಇನ್ನೊಂದು ಬಿತ್ತು. ಅದೂ ಅಲ್ಲಿಗೇ ಹೋಯಿತು. ಆಮೇಲೆ ನಾನೇ ಅಡುಗೆಮನೆಯಿಂದ ಒಂದು ಹಿಡಿ ಬಟಾಣಿ ತಂದು ಹಾಲಿನ ಬೇರೆ ಬೇರೆ ಕಡೆ ಬಿಟ್ಟು ನೋಡಿದೆ. ಐದು ನಿಮಿಷದಲ್ಲಿ ಎಲ್ಲವೂ ಛತ್ರಿ ಹತ್ತಿರ ಸಭೆ ಸೇರಿದ್ದವು.

'ರೀ, ರಿಟೈರ್ ಆದ್ಮೇಲೆ ಇದೇ ಕೆಲ್ಸಾನಾ?' ಎಂದಳು ನನ್ನ ಹೆಂಡತಿ.

ಹೌದು, ನಾನು ರಿಟೈರ್ಡ್ ಕನ್ನಡ ಮೇಷ್ಟ್ರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಾದೆ ವಿಸ್ತರಿಸುವುದನ್ನು ಹೇಳಿಕೊಟ್ಟವನು. 'ಕುಣಿಯಲಾರದವಳು ನೆಲ ಡೊಂಕು ಎಂದಳು' ಎಂಬ ಗಾದೆಗೆ ಎಷ್ಟು ಸಾವಿರ ಮಕ್ಕಳ ಉತ್ತರ ತಿದ್ದಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ತಪ್ಪು ಅವಳದೇ ಅಂತ ಬರೆದವರೇ. ನೆಲ ನಿಜವಾಗಿಯೂ ಡೊಂಕಾಗಿತ್ತೋ ಏನೋ, ಯಾರಾದರೂ ಹೋಗಿ ನೋಡಿದರಾ ಅಂತ ಒಂದು ಮಗುವೂ ಬರೆಯಲಿಲ್ಲ. ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ, ಅದು ಬೇರೆ ಮಾತು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮಪ್ಪ 1978ರಲ್ಲಿ ಕಟ್ಟಿಸಿದ ಮನೆ ನಮ್ಮದು. ನೆಲ ಕೆಂಪು ರೆಡ್ ಆಕ್ಸೈಡ್. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು. ಬೇಸಿಗೆಯಲ್ಲಿ ಬರೀ ಮೈಯಲ್ಲಿ ಮಲಗಿದರೆ ಸ್ವರ್ಗ. ವರ್ಷ ಕಳೆದ ಹಾಗೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ನಿಜ. ನನಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಬೆಂಗಳೂರಿನಿಂದ ಬಂದ ಮಗಳು 'ಅಪ್ಪ, ಈಗ್ಲೂ ಯಾರಾದ್ರೂ ಈ ನೆಲ ಇಟ್ಕೊಂಡಿದಾರಾ?' ಅಂದಳು. ಈಗ ಬೆಂಗಳೂರಿನಲ್ಲಿ ದುಡ್ಡಿದ್ದವರು ಇದೇ ಕೆಂಪು ನೆಲವನ್ನು ಹುಡುಕಿಕೊಂಡು ಹೋಗಿ ಹಾಕಿಸುತ್ತಾರಂತೆ. ಅದು ನನಗೆ ಗೊತ್ತಾಗಿದ್ದು ಟೈಲ್ಸ್ ಲಾರಿ ಬಂದು ನಿಂತ ಮೇಲೆ.

ಟೈಲ್ಸ್ ನಾಲ್ಕಡಿ ಉದ್ದ, ಎರಡಡಿ ಅಗಲ. ಮೇಲೆ ಅಮೃತಶಿಲೆಯ ಚಿತ್ರ. ಹಾಕಲು ಬಂದವರಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಅವರು ಮೇಸ್ತ್ರಿ, ನಾನು ಮೇಷ್ಟ್ರು. ಒಂದು ಪೋರ್ಚುಗೀಸಿನಿಂದ ಬಂದ ಪದ, ಇನ್ನೊಂದು ಇಂಗ್ಲಿಷಿನಿಂದ ಬಂದದ್ದು. ಎರಡರ ಬೇರೂ ಲ್ಯಾಟಿನ್ ಭಾಷೆಯ ಒಂದೇ ಪದ ಎಂದು ಅವರಿಗೆ ವಿವರಿಸಿದೆ. 'ಹೌದಾ ಸಾರ್' ಅಂದು ಅಡ್ವಾನ್ಸ್ ಕೇಳಿದರು.

ಹಳೇ ನೆಲ ಒಡೆದರೆ ಧೂಳು, ಮಣ್ಣು, ಹದಿನೈದು ದಿನದ ಗೋಳು. 'ಒಡೆಯೋದೇ ಬೇಡ, ಮೇಲೇ ಅಂಟಿಸಿಬಿಡೋಣ. ಈಗೆಲ್ಲ ಗಮ್ಮು ಬಂದಿದೆ' ಅಂದರು. ನನಗೂ ಹಾಯೆನಿಸಿತು. ಟೈಲ್ಸ್ ದಪ್ಪ 9 ಮಿಲಿಮೀಟರ್, ಅದರ ಕೆಳಗೆ ಗಮ್ಮು ನಾಲ್ಕೈದು ಮಿಲಿಮೀಟರ್. ಒಟ್ಟು ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಅರ್ಧ ಇಂಚು ಏನು ಮಹಾ ಅಂದುಕೊಂಡೆ. ಅದು ಏನು ಅಂತ ಸಂಜೆ ಗೊತ್ತಾಯಿತು. ರೂಮಿನ ಬಾಗಿಲು ತೆಗೆಯಲು ಬರಲಿಲ್ಲ. ಒಳಗೆ ಅಮ್ಮ ಇದ್ದರು. ಬಡಗಿ ಬಂದು ಬಾಗಿಲು ಇಳಿಸಿ ಕೆಳಗಡೆ ಕೊಯ್ಯುವವರೆಗೆ ಅವರಿಗೆ ಕಾಫಿ ಕೊಟ್ಟಿದ್ದು ಕಿಟಕಿಯಲ್ಲಿ. ಒಂದೊಂದಾಗಿ ಐದು ಬಾಗಿಲು ಕೊಯ್ಯಿಸಿದೆವು. ಬಡಗಿ ಹೆಚ್ಚಿಗೆ ಕೊಯ್ದದ್ದರಿಂದ ಈಗ ದೇವರಮನೆ ಬಾಗಿಲ ಕೆಳಗೆ ಜಿರಳೆಗಳು ಸಾಲಾಗಿ ಓಡಾಡುತ್ತವೆ.

ಇನ್ನು ಮಟ್ಟದ ವಿಷಯ. ಗಾಜಿನ ನಳಿಗೆಯಲ್ಲಿ ಗುಳ್ಳೆ ಇರುವ ರಸಮಟ್ಟವನ್ನು 1660ರ ದಶಕದಲ್ಲೇ ಫ್ರಾನ್ಸಿನ ತೆವೆನೊ ಎಂಬಾತ ಮಾಡಿದ. ಮೂರೂವರೆ ಶತಮಾನ ದಾಟಿದೆ. ನಮ್ಮ ಮೇಸ್ತ್ರಿಯ ಚೀಲದಲ್ಲೂ ಒಂದು ಇತ್ತು. ಚೀಲದಿಂದ ಹೊರಗೆ ಬಂದಿದ್ದನ್ನು ನಾನು ನೋಡಲಿಲ್ಲ. ಅಲ್ಯೂಮಿನಿಯಂ ಮಟ್ಟಗೋಲು ಮಾತ್ರ ದಿನವೂ ಹೊರಗೆ ಬರುತ್ತಿತ್ತು. ಎರಡು ಕಿಟಕಿಗೆ ಅಡ್ಡ ಇಟ್ಟು ಅದರ ಮೇಲೆ ಟವೆಲ್ ಒಣಗಿಸುತ್ತಿದ್ದರು. ಕೇಳಿದರೆ 'ಇಪ್ಪತ್ತು ವರ್ಷದ ಕೈ ಸಾರ್ ಇದು, ಕಣ್ಣೇ ಮಟ್ಟ' ಎನ್ನುತ್ತಿದ್ದರು.

ಬಟಾಣಿ ಪರೀಕ್ಷೆ ಆದ ಮೇಲೆ ಅವರನ್ನು ಕರೆಸಿದೆ. ಒಂದು ಬಟಾಣಿ ಅವರ ಕೈಗೇ ಕೊಟ್ಟು ಬಿಡಿಸಿದೆ. ಅದು ಬಾಗಿಲ ಮೂಲೆಗೆ ಓಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

'ಕೆಳಗಿನ ನೆಲಾನೇ ಡೊಂಕು, ಮೇಷ್ಟ್ರೇ. ನಾನೇನ್ ಮಾಡ್ಲಿ?'

ನನಗೆ ಮಾತೇ ಹೊರಡಲಿಲ್ಲ. ಗಾದೆಯೇ ಎದ್ದು ಬಂದು ಎದುರಿಗೆ ನಿಂತು ಬೀಡಿ ಹಚ್ಚುತ್ತಿತ್ತು.

ತಮಾಷೆ ಅಂದರೆ ಅವರು ಹೇಳಿದ್ದು ನಿಜ. ಅಮ್ಮ ನೆನಪಿಸಿಕೊಂಡರು. ಅಪ್ಪನ ಕಾಲದಲ್ಲಿ ಯುಗಾದಿಗೆ, ಗೌರಿ ಹಬ್ಬಕ್ಕೆ ಮನೆಯೆಲ್ಲ ಕೊಡಗಟ್ಟಲೆ ನೀರು ಹಾಕಿ ತೊಳೆಯುತ್ತಿದ್ದರು. ಆ ನೀರು ತಾನಾಗಿ ಬಾಗಿಲಾಚೆ ಹೋಗಲಿ ಅಂತ ಅಪ್ಪನೇ ನಿಂತು ಆ ಕಡೆಗೆ ವಾಟ, ಅಂದರೆ ಇಳಿಜಾರು, ಕೊಡಿಸಿದ್ದರು. ಬರೀ ನಾಲ್ಕೈದು ಮಿಲಿಮೀಟರ್ ಗಮ್ಮಿನಿಂದ ಇಂಥ ವಾಟವನ್ನು ಸರಿಮಾಡಲು ಆಗುವುದಿಲ್ಲ. ಮೊದಲು ಕೆಳಗೆ ಗಾರೆ ಹಾಕಿ ಸಮ ಮಾಡಿಕೊಳ್ಳಬೇಕು. ಅದನ್ನು ಮೊದಲೇ ನೋಡುವುದೇ ಮೇಸ್ತ್ರಿಯ ಕೆಲಸ ಅಲ್ವಾ? ಇಷ್ಟು ಹೇಳಿದ ಮೇಲೆ ಅವರು ಕೊನೆಯ ಬಾಣ ಬಿಟ್ಟರು. 'ಈಶಾನ್ಯಕ್ಕೆ ವಾಟ ಇದೆ ಸಾರ್. ವಾಸ್ತು ಪ್ರಕಾರ ಭಾಳ ಒಳ್ಳೇದು. ಬೇರೆಯವ್ರು ಇದಕ್ಕೆ ಎಕ್ಸ್ಟ್ರಾ ದುಡ್ಡು ಕೊಡ್ತಾರೆ.'

ಆ ಮಾತಿಗೆ ಅಮ್ಮ ಅವರ ಪಕ್ಷ ಸೇರಿಬಿಟ್ಟರು.

ಇಷ್ಟು ವಾಸ್ತು ಗೊತ್ತಿದ್ದವರು ಬಚ್ಚಲಮನೆಗೆ ವಾಟ ಕೊಡಬೇಕಿತ್ತು. ನೂರು ಇಂಚಿಗೆ ಒಂದು ಇಂಚಾದರೂ ಇಳಿಜಾರು ಇದ್ದರೆ ನೀರು ಜಾಲರಿ ಕಡೆ ಹೋಗುತ್ತದೆ. ಅಲ್ಲಿ ಮಾತ್ರ ಇವರು ಕೆರೆಯ ಹಾಗೆ ಮಟ್ಟಸ ಮಾಡಿದ್ದಾರೆ. ವಾಟ ಬೇಕಾದ ಕಡೆ ಮಟ್ಟ, ಮಟ್ಟ ಬೇಕಾದ ಕಡೆ ವಾಟ. ನಾನು ಸ್ನಾನ ಮಾಡಿದರೆ ನೀರು ಜಾಲರಿಗೆ ಬೆನ್ನು ಹಾಕಿ, ಹೊಸ್ತಿಲು ದಾಟಿ ಹಾಲಿಗೆ ಬರುತ್ತದೆ. ಅಲ್ಲಿಂದ ಮುಂದೆ ಅಪ್ಪನ ವಾಟ ಅದನ್ನು ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ. ಸೊಪ್ಪಿನವಳು ಗೇಟಿನಲ್ಲೇ ನಿಂತು 'ಸಾರು ಸ್ನಾನಕ್ಕೆ ಹೋಗವ್ರಾ?' ಅಂತ ಕೇಳುತ್ತಾಳೆ.

ವಾಟ ಒಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಟೈಲ್ಸಿನ ಅಂಚುಗಳು ಬೇರೆ ಒಂದಕ್ಕೊಂದು ಕೂಡಿಲ್ಲ. ಇದರ ಕಾರಣ ಆಮೇಲೆ ತಿಳಿಯಿತು. ಉದ್ದದ ಟೈಲ್ಸ್ ಭಟ್ಟಿಯಿಂದ ಬರುವಾಗಲೇ ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಇಟ್ಟಿಗೆ ಜೋಡಿಸಿದ ಹಾಗೆ ಅರ್ಧಕ್ಕೆ ಅರ್ಧ ಸರಿಸಿ ಹಾಕಿದರೆ ಒಂದರ ಉಬ್ಬಿನ ಪಕ್ಕ ಇನ್ನೊಂದರ ತಗ್ಗಿದ ತುದಿ ಬಂದು ಕೂರುತ್ತದೆ. ಹಾಗಾಗಿ ಮೂರನೇ ಒಂದು ಭಾಗ ಮಾತ್ರ ಸರಿಸಬೇಕು. ನಮ್ಮಲ್ಲಿ ಸರಿಯಾಗಿ ಅರ್ಧಕ್ಕೆ ಅರ್ಧ. ಬಂದ ನೆಂಟರೆಲ್ಲ ಎಡವಿ ಎಡವಿ ಮಯಸಭೆಯ ದುರ್ಯೋಧನರಾದರು. ನಗದೆ ಇರಲು ನನ್ನ ಹೆಂಡತಿ ಪಡುವ ಪಾಡು ನನಗೇ ಗೊತ್ತು.

ಒಂದು ರಾತ್ರಿ ಹತ್ತು ರೂಪಾಯಿ ನಾಣ್ಯ ಹಿಡಿದು ಇಬ್ಬರೂ ನೆಲ ತಟ್ಟಲು ಕೂತೆವು, ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುವ ಹಾಗೆ. ಗಟ್ಟಿ ಕೂತದ್ದು 'ಟಣ್' ಎನ್ನುತ್ತದೆ. ಕೆಳಗೆ ಗಮ್ಮು ಹಿಡಿಯದ್ದು 'ಡಬ್' ಎನ್ನುತ್ತದೆ. ಡಬ್ ಅಂದಲ್ಲೆಲ್ಲ ನಾನು ಸೀಮೆಸುಣ್ಣದಲ್ಲಿ ತಪ್ಪು ಗುರುತು ಹಾಕುತ್ತಾ ಹೋದೆ. ಎಷ್ಟೋ ದಿನದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು, ಖುಷಿಯಾಯಿತು. ಒಟ್ಟು ಹನ್ನೊಂದು ತಪ್ಪು. ಬೆಳಗ್ಗೆ ಕೆಲಸದವಳು ಬಂದು, ಮಕ್ಕಳ ಗೀಚಾಟ ಅಂದುಕೊಂಡು ಎಲ್ಲ ಒರೆಸಿಬಿಟ್ಟಳು.

ಉಜ್ಜಿಸಿ ಸರಿಮಾಡಿಸೋಣ ಅಂದರೆ ಅದೂ ಇಲ್ಲ. ಮೊಸಾಯಿಕ್, ಮಾರ್ಬಲ್ ಆದರೆ ಮಷೀನು ತಂದು ಪಾಲಿಶ್ ಹೊಡೆದರೆ ಅಂಚು ಕೂಡುತ್ತದೆ. ಇದರಲ್ಲಿ ಅಮೃತಶಿಲೆ ಬರೀ ಮೇಲಿನ ಚಿತ್ರ. ಉಜ್ಜಿದರೆ ಚಿತ್ರವೇ ಹೋಗುತ್ತದೆ. ಇನ್ನು ಉಳಿದಿದ್ದು ಪೂರ್ತಿ ಕಿತ್ತು ಹಾಕಿಸುವುದು. ಅದರ ಎಸ್ಟಿಮೇಟ್ ಓದಿ ಅಮ್ಮನ ಮಾತ್ರೆಯಲ್ಲಿ ಅರ್ಧ ನಾನು ನುಂಗಿದೆ.

ಹಾಗಾಗಿ ಈಗ ಲಗ್ನಪತ್ರಿಕೆಗಳ ಮೇಲೆ ಸಂಸಾರ ನಡೆದಿದೆ. ಊಟದ ಮೇಜಿನ ಒಂದು ಕಾಲಿಗೆ ಎರಡು ಪತ್ರಿಕೆ. ಬೀರುವಿನ ಬಾಗಿಲು ಮಧ್ಯರಾತ್ರಿ ತಾನಾಗಿ ತೆರೆದುಕೊಳ್ಳುತ್ತಿತ್ತು, ಅದಕ್ಕೆ ಮೂರು. ಫ್ರಿಜ್ಜಿಗೆ ನನ್ನ ಸಹೋದ್ಯೋಗಿಯ ಮಗನ ಮದುವೆಯದು, ಒಂದೇ ಸಾಕಾಯಿತು. ಒಳ್ಳೆಯ ದಪ್ಪ, ವೆಲ್ವೆಟ್ ಬೇರೆ. ಈಗ ಜನ ವಾಟ್ಸಾಪಿನಲ್ಲೇ ಮದುವೆಗೆ ಕರೆಯುತ್ತಾರೆ. ಅವರಿಗೆ ನಮ್ಮ ಕಷ್ಟ ಗೊತ್ತಿಲ್ಲ.

ಹೋದ ತಿಂಗಳು ಅಮ್ಮ ನನ್ನ ಮಗಳ ಮನೆಗೆಂದು ಬೆಂಗಳೂರಿಗೆ ಹೋದರು. ಎಂಟನೇ ಮಹಡಿಯ ಹೊಸ ಫ್ಲಾಟು. ನೆಲ ಕನ್ನಡಿಯ ಹಾಗಿದೆ. ಎರಡನೇ ದಿನ ರಾತ್ರಿ ಫೋನ್ ಬಂತು. ದನಿ ಬಹಳ ಸಣ್ಣದು, ಮೊಮ್ಮಗಳಿಗೆ ಕೇಳಿಸಬಾರದು ಅಂತ.

'ಇವ್ರ ಮನೆ ನೆಲ ಸರಿಯಿಲ್ಲ ಕಣೋ. ಮಾತ್ರೆ ಬಿತ್ತು. ಬಾಗ್ಲು ಮೂಲೆಯಲ್ಲಿ ಅರ್ಧ ಗಂಟೆ ಹುಡುಕಿದೀನಿ. ನೋಡಿದ್ರೆ ಬಿದ್ದ ಕಡೆಯೇ ಕೂತಿದೆ, ಪಾಪದ್ದು.'