ಬಜೆಟ್ ಜಗಳ ಮುಗಿಯಲಿ ಅಂತ ನದಿ ಕಾಯುತ್ತದೆಯೇ?

2025ರ ಅಕ್ಟೋಬರ್ 12, ಭಾನುವಾರ. ಚಿತ್ರಾನ್ನ ಕಟ್ಟಿಕೊಂಡು, ಮೇರಿಲ್ಯಾಂಡ್‌ನಿಂದ ಮೆಟ್ರೋ ಹತ್ತಿ ವಾಷಿಂಗ್ಟನ್‌ಗೆ ಹೋದೆವು. ನಾಲ್ಕು ವರ್ಷದ ಮಗನಿಗೆ ಡೈನೋಸಾರ್ ತೋರಿಸಬೇಕಿತ್ತು. ಅಲ್ಲಿ ಬಹುಪಾಲು ಸರ್ಕಾರದ ಹಣದಲ್ಲಿ ನಡೆಯುವ ಸ್ಮಿತ್ಸೋನಿಯನ್ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಚಿಕ್ಕ ಮಕ್ಕಳಿರುವ ನಮ್ಮಂಥವರಿಗೆ ಅದು ದೊಡ್ಡ ಅನುಕೂಲ. ಅವತ್ತು ಬಾಗಿಲು ಮುಚ್ಚಿತ್ತು. ಬಜೆಟ್ ಪಾಸಾಗದೆ ಅಕ್ಟೋಬರ್ 1ರಿಂದಲೇ ಅಮೆರಿಕದ ಕೇಂದ್ರ ಸರ್ಕಾರದ ಕೆಲಸ ಬಂದ್ ಆಗಿತ್ತು. ಮ್ಯೂಸಿಯಂಗಳು ಕೈಯಲ್ಲಿ ಉಳಿದಿದ್ದ ಹಣದಲ್ಲಿ 11ರವರೆಗೆ ನಡೆದಿದ್ದವು. ಮಗ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಹುಲ್ಲಿನ ಮೇಲೆ ಚಿತ್ರಾನ್ನ ತಿಂದು ವಾಪಸ್ ಬಂದೆವು.

ನಮಗೆ ಹೋಗಿದ್ದು ಒಂದು ಭಾನುವಾರ. ನಮ್ಮ ಪಕ್ಕದ ಮನೆಯವರ ಕಥೆ ಬೇರೆ. ಅವರು ಸರ್ಕಾರಿ ವಿಜ್ಞಾನಿ. ಹನ್ನೊಂದು ವರ್ಷದಿಂದ ಎರಡು ವಾರಕ್ಕೊಮ್ಮೆ ಒಂದೇ ನದಿಯ ಒಂದೇ ಜಾಗದಲ್ಲಿ ನೀರಿನ ಸ್ಯಾಂಪಲ್ ತೆಗೆಯುತ್ತಾರೆ. "ನಿಮ್ಮದೇ ಬಾಟಲಿ ತಗೊಂಡು ಹೋಗಿ ತುಂಬಿಸಿಕೊಂಡು ಬರಬಹುದಲ್ವಾ?" ಎಂದು ಕೇಳಿದೆ. ಆಗಲ್ಲ ಅಂದರು. 1884ರಷ್ಟು ಹಳೆಯ ಕಾನೂನಿದೆಯಂತೆ: ಹಣ ಮಂಜೂರಾಗದೆ ಬಿಟ್ಟಿಯಾಗಿಯೂ ಕೆಲಸ ಮಾಡುವಂತಿಲ್ಲ. ಆಫೀಸಿನ ಇಮೇಲ್ ಕೂಡ ತೆರೆಯುವಂತಿಲ್ಲ. ಜೀವಹಾನಿ, ಆಸ್ತಿಹಾನಿ ತಡೆಯುವಂಥ ತುರ್ತು ಕೆಲಸಕ್ಕೆ ಮಾತ್ರ ವಿನಾಯಿತಿ.

ಬಂದ್ ನಡೆದದ್ದು 43 ದಿನ. ಸಂಬಳವೇನೋ ಆಮೇಲೆ ಬಂತು, 2019ರ ಕಾನೂನು ಅದನ್ನು ಖಾತ್ರಿ ಮಾಡಿದೆ. ಗುತ್ತಿಗೆಯವರಿಗೆ, ಅಂದರೆ ಕಸ ಗುಡಿಸುವವರು, ಕಾವಲು ಕಾಯುವವರಿಗೆ ಆ ಖಾತ್ರಿಯೂ ಇಲ್ಲ. ಇದು ನನಗೆ ತುಂಬಾ ಅನ್ಯಾಯ ಅನಿಸುತ್ತದೆ.

ನಮ್ಮ ಭಾರತದಲ್ಲಿ ಹೀಗಾಗಲ್ಲ. ಚುನಾವಣೆ ವರ್ಷದಲ್ಲಿ ಪೂರ್ತಿ ಬಜೆಟ್ ಆಗದಿದ್ದರೆ ಲೇಖಾನುದಾನ, ಅಂದರೆ ಕೆಲವು ತಿಂಗಳ ಖರ್ಚಿಗೆ ಮುಂಗಡ ಒಪ್ಪಿಗೆ ತಗೊಳ್ಳುತ್ತಾರೆ, ಸಂವಿಧಾನದ 116ನೇ ವಿಧಿಯಲ್ಲೇ ಅದಕ್ಕೆ ದಾರಿ ಇದೆ. ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಮಂತ್ರಿಗಳು ಮನೆಗೆ ಹೋಗಬೇಕು, ವಿಜ್ಞಾನಿಗಳಲ್ಲ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು.

ಹಾಗಂತ ಭಾರತದಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಬೆಂಗಳೂರಲ್ಲಿ ಪಿಎಚ್‌ಡಿ ಮಾಡುವ ನನ್ನ ಚಿಕ್ಕಪ್ಪನ ಮಗಳಿಗೆ ಒಮ್ಮೆ ನಾಲ್ಕು ತಿಂಗಳು ಫೆಲೋಶಿಪ್ ಬರಲಿಲ್ಲ. ರೂಮಿನ ಬಾಡಿಗೆಗೆ ಅಪ್ಪನ ಹತ್ತಿರ ಕೇಳಬೇಕಾಯಿತು. ಯಾವ ಪೇಪರಲ್ಲೂ ಅದು ಸುದ್ದಿಯಾಗಲಿಲ್ಲ. ಆದರೆ ಅವಳ ಲ್ಯಾಬಿನ ಬಾಗಿಲು ತೆರೆದೇ ಇತ್ತು, ದಿನಾ ಹೋಗಿ ಕೆಲಸ ಮಾಡಿದಳು.

ಅಮೆರಿಕದಲ್ಲೂ ದಾರಿ ಇದೆ. ಹೊಸ ಬಜೆಟ್ ಪಾಸಾಗುವವರೆಗೆ ಹಿಂದಿನ ವರ್ಷದ ಲೆಕ್ಕದಲ್ಲೇ ಹಣ ತಾನಾಗಿ ಮುಂದುವರಿಯಲಿ ಎಂದು ಒಂದು ಕಾನೂನು ಮಾಡಿದರೆ ಸಾಕು. ಈ ಮಾತು ಅಲ್ಲಿನ ಸಂಸತ್ತಿನಲ್ಲಿ ಎಷ್ಟೋ ಸಲ ಬಂದಿದೆ. ಇನ್ನೂ ಕಾನೂನಾಗಿಲ್ಲ.

ನವೆಂಬರ್ ಕೊನೆಗೆ ಮಗನಿಗೆ ಡೈನೋಸಾರ್ ತೋರಿಸಿಕೊಂಡು ಬಂದೆವು. ಅದೇ ಸಂಜೆ ಪಕ್ಕದ ಮನೆಯವರು ತಮ್ಮ ನೋಟ್‌ಬುಕ್ ತೋರಿಸಿದರು. ಹನ್ನೊಂದು ವರ್ಷದಲ್ಲಿ ಒಂದು ಸಾಲೂ ಖಾಲಿ ಇರಲಿಲ್ಲ. ಈಗ ಮೂರು ತಾರೀಖುಗಳ ಮುಂದೆ ಬರೀ ಗೆರೆ ಎಳೆದಿದ್ದಾರೆ.