ಹವ್ಯಾಸ ಇರಲಿ, ಕಾಸು ಮಾತ್ರ ಬೇಡ

ಅಂಗವೈಕಲ್ಯ ಪಿಂಚಣಿ ಪಡೆಯುತ್ತಿರುವವರಿಗೆ ಒಂದು ಕಿವಿಮಾತು. ನಿಮಗೆ ಹವ್ಯಾಸ ಏನಾದರೂ ಇದೆಯಾ? ಚಿತ್ರ ಬಿಡಿಸುವುದು, ಕ್ರೋಶಾ ಹಾಕುವುದು, ಮಣಿಸರ ಪೋಣಿಸುವುದು, ಹೀಗೆ? ಬಹಳ ಒಳ್ಳೆಯದು. ಡಾಕ್ಟರು ಬೆನ್ನು ತಟ್ಟುತ್ತಾರೆ. "ಕೈಗೂ ವ್ಯಾಯಾಮ, ಮನಸ್ಸಿಗೂ ಸಮಾಧಾನ, ಬಿಡಬೇಡಿ" ಎನ್ನುತ್ತಾರೆ. ಆದರೆ ನೀವು ಮಾಡಿದ್ದನ್ನು ನೋಡಿ ಯಾರಾದರೂ "ಚೆನ್ನಾಗಿದೆ, ಎಷ್ಟು ಕೊಡ್ಲಿ?" ಎಂದರೆ ಅಲ್ಲಿಂದ ಓಡಿಬಿಡಿ. ಓಡಲು ಆಗದಿದ್ದರೆ ಕಿವಿ ಕೇಳಿಸದವರ ಹಾಗೆ ನಟಿಸಿ. ನಟನೆ ತೀರಾ ಚೆನ್ನಾಗಿ ಬಂದುಬಿಟ್ಟರೆ ಮಾತ್ರ ಕಷ್ಟ. ಅದೂ ಒಂದು ದುಡಿಯುವ ಸಾಮರ್ಥ್ಯವೇ ಅಲ್ವಾ?

ಪಿಂಚಣಿ ಇಲಾಖೆಗಳ ತರ್ಕ ಸರಳ. ನೀವು ಹೆಣೆದ ಸ್ವೆಟರನ್ನು ಅಣ್ಣನ ಮಗಳಿಗೆ ಸುಮ್ನೆ ಕೊಟ್ಟರೆ ಅದು ಚಿಕಿತ್ಸೆ. ಪಕ್ಕದ ಮನೆಯವರಿಗೆ ಮಾರಿದರೆ ಅದು ಸಾಕ್ಷ್ಯ. ನೂಲು ಅದೇ, ಕೈ ಅದೇ, ಆ ಕೈಯ ನೋವೂ ಅದೇ. ನಡುವೆ ಒಂದು ನೋಟು ಅವರ ಕೈಯಿಂದ ನಿಮ್ಮ ಕೈಗೆ ಬಂತು ನೋಡಿ, ಅಷ್ಟರಲ್ಲಿ ನಿಮ್ಮ ಕಾಯಿಲೆ ಅರ್ಧ ವಾಸಿ. ಯಾವ ಡಾಕ್ಟರಿಗೂ ಇನ್ನೂ ಸಿಕ್ಕದ ಔಷಧ ಇದು.

ನನ್ನ ಪರಿಚಯದ ಒಬ್ಬರು ಕ್ರೋಶಾದಲ್ಲಿ ಮೊಲ ಮಾಡುತ್ತಾರೆ. ಅಂಗೈ ಅಗಲದ ಮೊಲ. ಸಂಧಿವಾತದಿಂದ ಅವರ ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡಿವೆ. ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಲು ಆಗುವುದಿಲ್ಲ. ಹಾಗಾಗಿ ಕ್ರೋಶಾ ಕಡ್ಡಿಗೆ ಹಳೇ ಬಟ್ಟೆ ಸುತ್ತಿ, ದಾರ ಬಿಗಿದು, ಹೆಬ್ಬೆರಳಿನಷ್ಟು ದಪ್ಪ ಮಾಡಿಕೊಂಡಿದ್ದಾರೆ. ಆದರೂ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಕಡ್ಡಿ ಕೈಜಾರಿ ಮಂಚದ ಕೆಳಗೆ ಉರುಳುತ್ತದೆ. ಎತ್ತಿಕೊಡಲು ಮನೆಯವರು ಬರಬೇಕು. ಆ ಮೊಲದ ಎರಡು ಕಿವಿ ಯಾವತ್ತೂ ಸಮ ಇರುವುದಿಲ್ಲ. ಬಿಗಿಯಾದ ಗಿಡ್ಡ ಕಿವಿ ಕೈ ಚೆನ್ನಾಗಿದ್ದ ದಿನದ್ದು. ಸಡಿಲವಾಗಿ ಜೋತುಬಿದ್ದ ಉದ್ದ ಕಿವಿ ನೋವಿದ್ದ ದಿನದ್ದು. ಕೊಳ್ಳುವವರಿಗೆ ಆ ಜೋತುಬಿದ್ದ ಕಿವಿಯೇ ಇಷ್ಟ.

ಈಗ ಇವರ ಮುಂದೆ ಒಂದು ಫಾರಂ. "ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ?" ಕಡ್ಡಿ ಮಂಚದ ಕೆಳಗೆ ಇದ್ದ ಹೊತ್ತು ಕೆಲಸವೋ, ವಿರಾಮವೋ? ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತದ್ದು ಯಾವ ಕಾಲಮ್ಮಿಗೆ? ಒಂದು ಕಿವಿ ಹಾಕಿ, ಎರಡು ದಿನ ಮಲಗಿ, ಆಮೇಲೆ ಇನ್ನೊಂದು ಕಿವಿ ಹಾಕಿದರೆ ಆ ಎರಡು ದಿನ ರಜೆ ಅಂತಲಾ? ರಜೆ ಎಂದು ಬರೆದರೆ ಉದ್ಯೋಗ ಇದೆ ಎಂದು ಒಪ್ಪಿಕೊಂಡಂತೆ. ಖಾಲಿ ಬಿಟ್ಟರೆ ಮಾಹಿತಿ ಮುಚ್ಚಿಟ್ಟಂತೆ. ಅತ್ತ ದರಿ, ಇತ್ತ ಪುಲಿ, ನಡುವೆ ಮೊಲ.

ಇದು ಯಾವುದೋ ಒಂದು ದೇಶದ ಕಥೆ ಅಂದುಕೊಳ್ಳಬೇಡಿ. ಅಮೆರಿಕವನ್ನೇ ನೋಡಿ. ಅಲ್ಲಿ ದುಡಿಯುತ್ತಿದ್ದಾಗ ತೆರಿಗೆ ಕಟ್ಟಿ, ಆಮೇಲೆ ಅಂಗವೈಕಲ್ಯ ಪಿಂಚಣಿಗೆ ಬಂದವರಿಗೆ 2025ರಲ್ಲಿ ಎಳೆದ ಸಂಪಾದನೆಯ ಗೆರೆ ತಿಂಗಳಿಗೆ 1,620 ಡಾಲರ್. ಕಣ್ಣು ಕಾಣದವರಿಗೆ 2,700. ಗೆರೆ ದಾಟಿದವರು ಗಟ್ಟಿಮುಟ್ಟಾದವರು. ದುಡಿಯಲು ಆಗುತ್ತದೋ ಪ್ರಯೋಗ ಮಾಡಿ ನೋಡಲಿ ಎಂದು ಒಂಬತ್ತು ತಿಂಗಳ ವಿನಾಯಿತಿಯನ್ನೂ ಕೊಟ್ಟಿದ್ದಾರೆ. ಆ ತಿಂಗಳುಗಳಲ್ಲಿ ಎಷ್ಟು ದುಡಿದರೂ ಪಿಂಚಣಿ ನಿಲ್ಲುವುದಿಲ್ಲ. ಆದರೆ ಒಂಬತ್ತೂ ಒಟ್ಟಿಗೇ ಬರಬೇಕೆಂದಿಲ್ಲ. ಐದು ವರ್ಷದೊಳಗೆ ಅಲ್ಲೊಂದು ಇಲ್ಲೊಂದು ಬಂದರೂ ಎಣಿಕೆಗೆ ಸೇರುತ್ತವೆ. ಒಂದು ದೊಡ್ಡ ಚಿತ್ರ ಮಾರಾಟವಾಗಿ ಆ ತಿಂಗಳ ಸಂಪಾದನೆ 2025ರ ಲೆಕ್ಕದಲ್ಲಿ 1,160 ಡಾಲರ್ ದಾಟಿತೋ, ಆ ಒಂಬತ್ತರಲ್ಲಿ ಒಂದು ತಿಂಗಳು ಖರ್ಚಾಯಿತು. ಇನ್ನೂ ಚೆಂದದ ಮಾತೊಂದಿದೆ. ಸ್ವಂತ ಕಸುಬಿನವರು ತಿಂಗಳಿಗೆ 80 ಗಂಟೆಗಿಂತ ಹೆಚ್ಚು ಕೂತರೂ ಸಾಕು, ಒಂದು ಡಾಲರ್ ಕೂಡ ಬರದಿದ್ದರೂ ಆ ತಿಂಗಳು ಲೆಕ್ಕಕ್ಕೆ. ನಷ್ಟದ ವ್ಯಾಪಾರ ಮಾಡುವ ಶಕ್ತಿ ಇದೆಯಲ್ಲ, ಅದಕ್ಕಿಂತ ಆರೋಗ್ಯ ಬೇಕಾ?

ಅಲ್ಲೇ ಬಡವರಿಗಾಗಿ ಇನ್ನೊಂದು ಸಹಾಯಧನ ಇದೆ. ಅದರಲ್ಲಿ ತಿಂಗಳಿಗೆ ಯಾವುದೇ ಬಗೆಯ ಆದಾಯಕ್ಕೆ 20 ಡಾಲರ್, ದುಡಿಮೆಯ ಆದಾಯಕ್ಕೆ ಅದರ ಮೇಲೆ ಇನ್ನೂ 65 ಡಾಲರ್ ಮಾಫಿ. ಅದರ ನಂತರ ದುಡಿದ ಪ್ರತಿ ಎರಡು ಡಾಲರಿಗೆ ಒಂದು ಡಾಲರ್ ಕಡಿತ. ಈ 20 ಮತ್ತು 65 ಯೋಜನೆ ಶುರುವಾದ 1974ರಿಂದ ಕದಲಿಲ್ಲ. ಕೈಯಲ್ಲಿ ಉಳಿಸಿಕೊಳ್ಳಬಹುದಾದ ಹಣ 2,000 ಡಾಲರ್, 1989ರಿಂದ ಅಷ್ಟೇ. ಗಂಡ ಹೆಂಡತಿ ಇಬ್ಬರೂ ಫಲಾನುಭವಿಗಳಾದರೆ 4,000 ಇರಬೇಕಿತ್ತು ಅಲ್ವಾ? ಇಲ್ಲ, 3,000. ಮದುವೆಯಾದರೆ ತಲಾ 500 ಡಾಲರಿನಷ್ಟು ಅಂಗವೈಕಲ್ಯ ತಗ್ಗುತ್ತದೆ ಎಂದು ಅರ್ಥ. ಜಾತಕ ಹೊಂದಿಸುವವರು ಗಮನಿಸಬೇಕು.

ಬ್ರಿಟನ್‌ನಲ್ಲಿ ಗಂಟೆಯ ಗೆರೆಯೂ ಇದೆ, ಹಣದ ಗೆರೆಯೂ ಇದೆ. ಕಾಯಿಲೆ, ಅಂಗವೈಕಲ್ಯದಿಂದ ದುಡಿಯಲಾಗದವರಿಗೆ ಅಲ್ಲಿ ಕೊಡುವ ಒಂದು ಭತ್ಯೆ ಪಡೆಯುವವರು ವಾರಕ್ಕೆ 16 ಗಂಟೆಗಿಂತ ಕಡಿಮೆ ದುಡಿಯಬೇಕು, ಸಂಪಾದನೆ 195.50 ಪೌಂಡ್ ದಾಟಬಾರದು. ಈ ಹಣದ ಗೆರೆ 2025ರ ಏಪ್ರಿಲ್‌ನಿಂದ ಒಂದು ವರ್ಷಕ್ಕೆ ಇದ್ದ ಮಿತಿ. ಆ ಐವತ್ತು ಪೆನ್ನಿಯನ್ನು ಕೂಡಿಸಿದವರ ಉದಾರತೆ ದೊಡ್ಡದು. ಅಂಗವಿಕಲರನ್ನು ನೋಡಿಕೊಳ್ಳುವ ಮನೆಯವರಿಗೂ ಒಂದು ಭತ್ಯೆ ಇದೆ, ಅದೇ ವರ್ಷ ವಾರಕ್ಕೆ 83.30 ಪೌಂಡ್ ಇತ್ತು. ಅವರ ಸಂಪಾದನೆಗೆ ಆಗ ವಾರಕ್ಕೆ 196 ಪೌಂಡ್ ಗೆರೆ. ಒಂದು ಪೆನ್ನಿ ಹೆಚ್ಚು ದುಡಿದರೆ ಕಡಿತವಾಗುವುದು ಪೆನ್ನಿಯಲ್ಲ, ಪೂರ್ತಿ ಭತ್ಯೆ. ಹೀಗೆ ಗೊತ್ತಿಲ್ಲದೆ ಗೆರೆ ದಾಟಿ ಸಾವಿರಾರು ಪೌಂಡ್ ವಾಪಸ್ ಕಟ್ಟಬೇಕಾಗಿ ಬಂದವರ ಗೋಳು ಅಲ್ಲಿ ದೊಡ್ಡ ಸುದ್ದಿಯಾಯಿತು. ಕಾಲು ಜಾರಿದವರನ್ನು ಹಿಡಿಯಲು ಕಟ್ಟಿದ ಬಲೆಗೆ ಬೀಳುವವರ ಮೇಲೇ ದಂಡ.

ಅಮೆರಿಕದ ಇನ್ನೊಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಪಿಂಚಣಿ ಕೇಳಿ ಬಂದವರಿಗೆ "ನೀವು ಮಾಡಬಹುದಾದ ಬೇರೆ ಕೆಲಸಗಳಿವೆ" ಎಂದು ತೋರಿಸಲು ಅಧಿಕಾರಿಗಳು ಉದ್ಯೋಗಗಳ ಒಂದು ನಿಘಂಟು ಇಟ್ಟುಕೊಂಡಿದ್ದಾರೆ. ಅದನ್ನು ಕೊನೆಯ ಸಲ ತಿದ್ದಿದ್ದು 1991ರಲ್ಲಿ. ಬಾದಾಮಿ ಗೋಡಂಬಿಯಂಥ ಬೀಜ ಆರಿಸುವ ಕೆಲಸ, ಗಾಳಿ ಒತ್ತುವ ಕೊಳವೆಯಲ್ಲಿ ಕಾಗದಪತ್ರ ಕಳಿಸುವ ಕೆಲಸ, ಮೈಕ್ರೋಫಿಲ್ಮ್ ಕೆಲಸ, ಎಲ್ಲ ಅದರಲ್ಲಿ ಇದ್ದವು. ಬೆನ್ನು ಮುರಿದು ಬಂದವರಿಗೆ, "ಬೀಜ ಆರಿಸಬಹುದಲ್ಲ, ಅರ್ಜಿ ವಜಾ" ಎಂದರಾಯಿತು. ಬೀಜ ಆರಿಸುವ ಯಂತ್ರ ಬಂದು ಎಷ್ಟು ಕಾಲವಾಯಿತೋ! 2024ರಲ್ಲಿ ಇಂಥ ನೂರಕ್ಕೂ ಹೆಚ್ಚು ಹಳೇ ಕಸುಬುಗಳನ್ನು ಲೆಕ್ಕದಿಂದ ಕೈಬಿಟ್ಟರು, ಪುಣ್ಯ. ಗಮನಿಸಿ, ಇಲ್ಲದ ಕೆಲಸ ಮಾಡಬಲ್ಲಿರಿ ಎಂದು ಪಿಂಚಣಿ ಕೊಡುವುದಿಲ್ಲ. ಇರುವ ಸಣ್ಣ ಕೆಲಸ ಮಾಡಿದಿರಿ ಎಂದು ಕೊಟ್ಟ ಪಿಂಚಣಿ ಕಿತ್ತುಕೊಳ್ಳುತ್ತಾರೆ. ಎರಡೂ ಕಡೆ ಗೆದ್ದದ್ದು ಫಾರಂ.

ಭಾರತ ಈ ತಲೆನೋವನ್ನು ಬೇರೆ ರೀತಿ ಬಗೆಹರಿಸಿಕೊಂಡಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅಂದರೆ ದಿನಕ್ಕೆ ಹತ್ತು. ಅದು ಸಿಗಬೇಕಾದರೆ ಅಂಗವೈಕಲ್ಯ ಶೇ 80ಕ್ಕಿಂತ ಕೆಳಗೆ ಇಳಿಯಬಾರದು, ಮನೆಯ ಆದಾಯ ಬಡತನ ರೇಖೆಗಿಂತ ಮೇಲೆ ಏರಬಾರದು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ, ತಮ್ಮ ಷರತ್ತುಗಳನ್ನೂ ಸೇರಿಸುತ್ತವೆ. ಇಷ್ಟರಲ್ಲಿ ಹವ್ಯಾಸದ ಆದಾಯದಿಂದ ಪಿಂಚಣಿ ಹೋದೀತು ಎಂಬ ಚಿಂತೆ ಯಾಕೆ? ಪಿಂಚಣಿಯೇ ಹವ್ಯಾಸದ ಆದಾಯದಷ್ಟಿದೆ.

ಇನ್ನು ಫೋಟೊ ವಿಷಯ. ನೀವು ಮಾಡಿದ ವಸ್ತುವನ್ನು ಹಿಡಿದು ಫೋಟೊ ತೆಗೆಸಿಕೊಳ್ಳುವಾಗ ದಯವಿಟ್ಟು ನಗಬೇಡಿ. ನಗುವವರಿಗೆ ನೋವು ಇರುವುದಿಲ್ಲ ಎಂದು ಜನರು ಖಚಿತವಾಗಿ ನಂಬಿದ್ದಾರೆ. ನಿಂತು ತೆಗೆಸಿಕೊಂಡರೆ "ನಿಲ್ಲಬಲ್ಲರು", ಕೂತು ತೆಗೆಸಿಕೊಂಡರೆ "ಕೂತು ಮಾಡುವ ಕೆಲಸಕ್ಕೆ ಯೋಗ್ಯರು". ಮಲಗಿ ತೆಗೆಸಿಕೊಳ್ಳುವುದು ಕ್ಷೇಮ, ಆದರೆ ಆಗ ಮೊಲ ಖರ್ಚಾಗುವುದಿಲ್ಲ.

ಮೋಸ ಮಾಡುವವರು ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಇದ್ದಾರೆ. ಅವರು ಮೊಲ ಹೆಣೆಯುತ್ತಾ ಕೂರುವುದಿಲ್ಲ, ಅಷ್ಟೇ. ಗೆರೆಯ ಬದಲು ಇಳಿಜಾರು ಮಾಡಿ, ದುಡಿದಷ್ಟಕ್ಕೆ ನಿಧಾನವಾಗಿ ಕಡಿಮೆ ಮಾಡಿ, ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ನೋಡಿ ಎಂದು ಹೇಳುವವರು ಎಲ್ಲ ಕಡೆ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಶಾಶ್ವತವಾಗಿ ದೃಷ್ಟಿ ಕಳೆದುಕೊಂಡವರ ಅಂಗವೈಕಲ್ಯ ಪಿಂಚಣಿಗೆ ಆದಾಯದ ಪರೀಕ್ಷೆಯೇ ಇಲ್ಲ. ಅದರಿಂದ ಅಲ್ಲಿನ ಖಜಾನೆ ಮುಳುಗಿದ ಸುದ್ದಿ ಬಂದಿಲ್ಲ. ಆದರೆ ಇದೆಲ್ಲ ಮಾಡಿದರೆ ಫಾರಂ ಒಂದು ಪುಟಕ್ಕೆ ಇಳಿದುಬಿಡುತ್ತದೆ. ಯಾವ ಇಲಾಖೆ ತಾನೇ ಒಪ್ಪುತ್ತದೆ?

ನಮ್ಮ ಮೊಲದವರು ಈಗ ಹೊಸ ದಾರಿ ಹಿಡಿದಿದ್ದಾರೆ. ದುಡ್ಡು ಮುಟ್ಟುವುದಿಲ್ಲ. ಮೊಲ ಬೇಕಾದವರು ಒಂದು ಉಂಡೆ ನೂಲು ತಂದುಕೊಟ್ಟರೆ ಸಾಕು. ಇದು ಜಾಣತನ ಎಂದು ನಾವೆಲ್ಲ ಮೆಚ್ಚಿಕೊಂಡೆವು. ಫಾರಂ ತಿರುಗಿಸಿದರೆ ಹಿಂದಿನ ಪುಟದಲ್ಲಿ "ವಸ್ತು ರೂಪದಲ್ಲಿ ಬಂದ ಆದಾಯ" ಎಂಬ ಕಾಲಂ. ಅಮೆರಿಕದ ಆ ಬಡವರ ಸಹಾಯಧನದಲ್ಲಿ ಯಾರಾದರೂ ಬಿಟ್ಟಿ ಊಟ ಹಾಕಿದರೂ ಆದಾಯ ಎಂದು 2024ರ ಸೆಪ್ಟೆಂಬರ್‌ವರೆಗೆ ಲೆಕ್ಕ ಹಿಡಿಯುತ್ತಿದ್ದರಂತೆ. ನೂಲನ್ನು ಬಿಟ್ಟಾರೆಯೇ? ಮೊಲಕ್ಕೆ ಬೇಕಾದದ್ದು ಅರ್ಧ ಉಂಡೆ. ಇನ್ನರ್ಧ ಲಾಭ. ಈಗ ಮನೆ ತುಂಬ ಲಾಭ ಬಿದ್ದಿದೆ. ಅದನ್ನು ಖಾಲಿ ಮಾಡಬೇಕಾದರೆ ಇನ್ನಷ್ಟು ಮೊಲ ಹಾಕಬೇಕು. ಹಾಕಿದರೆ ಗಂಟೆಯ ಕಾಲಂ ತುಂಬುತ್ತದೆ. ಮೊನ್ನೆ ಕಚೇರಿಗೆ ಹೋಗಿ ಕೇಳಿದ್ದಕ್ಕೆ ಸಿಬ್ಬಂದಿ ತಲೆ ಎತ್ತದೆ ಹೇಳಿದರಂತೆ: "ಅಮ್ಮಾ, ಎರಡು ಕಿವಿ ಯಾಕೆ ಹಾಕ್ತೀರಿ? ಒಂದೇ ಹಾಕಿ, ಗಂಟೆ ಉಳಿಯುತ್ತೆ."