ಎಷ್ಟು ಪರ್ಸೆಂಟ್ ಹಿಡ್ಕೋತಾರೆ ಸಾರ್?

ಈಗಷ್ಟೇ ಸರಸ್ವತಿಪುರಂನಿಂದ ಬಂದೆ, ತಲೆ ಇನ್ನೂ ಬಿಸಿ ಇದೆ. ನಮ್ಮ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ) ಹುಡುಗರು ಕಾಫಿಗೆ ಕರೆದಿದ್ರು. ಅವರ ಕನ್ನಡ ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಹೊರದೇಶದಿಂದಲೂ ದೇಣಿಗೆ ಕೊಡ್ತೀವಿ ಅನ್ನೋರು ಸಿಕ್ಕಿದ್ದಾರೆ. ದುಡ್ಡು ಯಾರ ಕೈಲಿರಬೇಕು? ಫಿಸ್ಕಲ್ ಹೋಸ್ಟ್ ಹುಡುಕ್ರಪ್ಪ ಅಂದೆ. ನೋಂದಣಿಯಾದ ಸಂಸ್ಥೆಯೊಂದು ನಿಮ್ಮ ಪರವಾಗಿ ದುಡ್ಡು ತಗೊಂಡು, ಲೆಕ್ಕ ಇಟ್ಟು, ನೀವು ಬಿಲ್ ಕೊಟ್ಟಾಗ ಪಾವತಿ ಮಾಡುತ್ತೆ. ಇಷ್ಟು ಹೇಳಿ ಮುಗಿಸೋ ಮುಂಚೆನೇ ಪ್ರಶ್ನೆ: "ಎಷ್ಟು ಪರ್ಸೆಂಟ್ ಹಿಡ್ಕೋತಾರೆ ಸಾರ್?"

ಓಪನ್ ಸೋರ್ಸ್ ಕಲೆಕ್ಟಿವ್ ಅನ್ನೋ ಹೋಸ್ಟ್ ನೂರಕ್ಕೆ 10 ಅಂದೆ. ಡೆಬಿಯನ್ ಅನ್ನೋ ಲಿನಕ್ಸ್ ತಂತ್ರಾಂಶದ ದುಡ್ಡು ನೋಡ್ಕೊಳ್ಳೋ ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ ನೂರಕ್ಕೆ 5. ಸರಿ, ಐದರದ್ದೇ ಆಗ್ಲಿ ಅಂತ ತೀರ್ಮಾನ ಆಗೇಹೋಯ್ತು. ದೇವರಾಜ ಮಾರ್ಕೆಟ್ಟಲ್ಲಿ ಎಲೆ ಚೌಕಾಸಿ ಮಾಡಿದ ಹಾಗೆ.

ಅಲ್ರಯ್ಯಾ, ಐದು ಅನ್ನೋರು ಬಂದವರನ್ನೆಲ್ಲ ಸೇರಿಸ್ಕೋತಾರಾ? ಅಲ್ಲಿಂದ ನಿಮ್ಮ ಬ್ಯಾಂಕಿಗೆ ದುಡ್ಡು ಯಾವ ದಾರೀಲಿ ಬರುತ್ತೆ? ನಾಳೆ ಬಿಟ್ಟು ಹೋಗ್ತೀವಿ ಅಂದ್ರೆ ಉಳಿದ ದುಡ್ಡು, ಹೆಸರು, ಡೊಮೈನ್ ಯಾರಿಗೆ? ಅವರೇ ಬಾಗಿಲು ಹಾಕಿದ್ರೆ? ಹಾಗೆ ಹಾಕಿದವರೂ ಇದ್ದಾರೆ ಕಣ್ರೀ! 2024ರ ಫೆಬ್ರವರಿಯಲ್ಲಿ ಅಮೆರಿಕದ ಓಪನ್ ಕಲೆಕ್ಟಿವ್ ಫೌಂಡೇಶನ್ ಅನ್ನೋ ಹೋಸ್ಟ್ ವರ್ಷದ ಕೊನೆಗೆ ಮುಚ್ತೀವಿ ಅಂತು, ನಂಬಿಕೊಂಡಿದ್ದ ನೂರಾರು ಗುಂಪುಗಳು ಬೇರೆ ಮನೆ ಹುಡುಕಬೇಕಾಯ್ತು. (ಓಪನ್ ಸೋರ್ಸ್ ಕಲೆಕ್ಟಿವ್ ಬೇರೆ, ಇದು ಬೇರೆ. ಹೆಸರು ನೋಡಿ ಗಾಬರಿ ಬೀಳಬೇಡಿ.) ಇದ್ಯಾವುದನ್ನೂ ಕೇಳಲ್ಲ. ಪರ್ಸೆಂಟ್ ಮಾತ್ರ ಬೇಕು.

"ನಾವೇ ಟ್ರಸ್ಟ್ ಮಾಡಿದ್ರೆ ಆ ಐದೂ ಉಳಿಯುತ್ತಲ್ಲ" ಅಂದ ಒಬ್ಬ. ಮಾಡಪ್ಪ ರಾಜ. ಆಡಿಟರ್ ಫೀಸು ನಿಮ್ಮ ಮಾವ ಕೊಡ್ತಾರಾ? ವಿದೇಶಿ ದೇಣಿಗೆ ಅಂದ್ರೆ ಎಫ್‌ಸಿಆರ್‌ಎ, ಹೊರದೇಶದ ದೇಣಿಗೆ ತಗೊಳ್ಳೋದನ್ನ ನಿಯಂತ್ರಿಸೋ ಕಾನೂನು. ನೋಂದಣಿ ಬೇಕಂದ್ರೆ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ 3 ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. 2020ರ ತಿದ್ದುಪಡಿ ಬಂದ ಮೇಲೆ ನೀನು ಮೈಸೂರಲ್ಲಿರು, ಮಂಡ್ಯದಲ್ಲಿರು, ಆ ದುಡ್ಡು ಮೊದಲು ಬೀಳಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಐದು ಉಳಿಸೋಕೆ ಹೋಗಿ ಹುಡುಗ ಕೋಡ್ ಬರೆಯೋದೇ ಬಿಡ್ತಾನೆ.

ಇನ್ನೊಬ್ಬ ಮೆಲ್ಲಗೆ, "ಸದ್ಯಕ್ಕೆ ನನ್ನ ಯುಪಿಐಗೇ ಹಾಕಿಸ್ಲಾ ಸಾರ್?" ಅಂದ. ಅವನ ಮೇಲೆ ರೇಗಿಬಿಟ್ಟೆ. ಪಾಪ, ಅವನದೇನೂ ತಪ್ಪಿಲ್ಲ.

ಯಾಕಂದ್ರೆ ಹಿಂದೆ ನಾನೂ ಅದನ್ನೇ ಮಾಡಿದ್ದೆ. ಕೆಲವರಿಗಷ್ಟೇ ಗೊತ್ತು. ಪ್ರಾಜೆಕ್ಟಿನ ದೇಣಿಗೆ ನನ್ನ ಉಳಿತಾಯ ಖಾತೆಗೇ ಬರ್ತಿತ್ತು. ಆರು ತಿಂಗಳಲ್ಲಿ ಯಾವುದು ಸರ್ವರ್ ದುಡ್ಡು, ಯಾವುದು ಮಗಳ ಸ್ಕೂಲ್ ಫೀಸು ಅಂತ ನನಗೇ ತಿಳೀದಾಯ್ತು. ಒಂದು ಪೈಸೆ ನುಂಗಿಲ್ಲ, ಚಾಮುಂಡಿ ಆಣೆ. ಆದ್ರೆ ಲೆಕ್ಕ ಕೇಳಿದ ಗೆಳೆಯನಿಗೆ ಪಾಸ್‌ಬುಕ್ ತೋರಿಸೋಕಾಗದೆ, ನನ್ನ ಮೇಲೇ ಅನುಮಾನವಾ ಅಂತ ಕೂಗಾಡಿದೆ. ಗಣೇಶನ ಚಂದಾ ಎತ್ತೋ ಹುಡುಗರ ಹತ್ರನೂ ರಸೀದಿ ಪುಸ್ತಕ ಇರುತ್ತೆ, ನನ್ನ ಹತ್ರ ಅದೂ ಇರಲಿಲ್ಲ. ಅವನು ಇವತ್ತಿಗೂ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎದುರಾದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾನೆ.

ಭಾನುವಾರ ಮತ್ತೆ ಸೇರ್ತೀವಿ. ಹೋಸ್ಟ್‌ಗಳ ಒಪ್ಪಂದ ಓದ್ಕೊಂಡು ಬನ್ನಿ, ಬಿಟ್ಟು ಹೋಗೋ ನಿಯಮ ಎಲ್ಲಿದೆ ನೋಡಿ ಅಂದಿದ್ದೀನಿ. ಬಂದವರು ಮತ್ತೆ ಪರ್ಸೆಂಟ್ ಅಂದ್ರೆ ಕಾಫಿ ದುಡ್ಡು ಅವರೇ ಕೊಡ್ಲಿ.